ಬಾಸಿಂಗಕ್ಕೆ ಸಾಲದ ಕಾರು

ಸದ್ಯ ಶೆಡ್ಡಿನಲ್ಲಿ ವಾಸವಾಗಿರುವ ನಮ್ಮ ಯಜಮಾನರಾದ ಶ್ರೀ ಬೆನಕಪ್ಪನವರಿಗೆ, ಮನೆಯೊಳಗಿನಿಂದ ನೀಲಾಂಬಿಕ ಮಾಡುವ ನಮಸ್ಕಾರಗಳು.

ನಾನಿಲ್ಲಿ ಕ್ಷೇಮ. ನೀವೂ ಕ್ಷೇಮವೆಂದು ಅಡುಗೆಮನೆಯ ಕಿಟಕಿಯಿಂದ ಕಾಣುತ್ತಲೇ ಇದೆ. ಗಂಡನ ಹೆಸರನ್ನು ಬಾಯಲ್ಲಿ ಹೇಳಬಾರದೆಂದು ನಮ್ಮ ಅವ್ವ ಕಲಿಸಿದ್ದಳು. ಬರೆಯಬಾರದೆಂದು ಹೇಳಿರಲಿಲ್ಲ, ಅದಕ್ಕೇ ಮೇಲೆ ಧೈರ್ಯವಾಗಿ ಬರೆದಿದ್ದೇನೆ. ಒಂದೇ ಕಾಂಪೌಂಡಿನೊಳಗಿರುವ ಗಂಡನಿಗೆ ಕಾಗದ ಬರೆಯುವ ಗತಿ ಈ ಶಿಕಾರಿಪುರದಲ್ಲಿ ಬೇರೆ ಯಾವ ಹೆಂಗಸಿಗೂ ಬಂದಿರಲಾರದು. ಏನು ಮಾಡಲಿ, ಮಾತಾಡಿಸಿದರೆ ನೀವು ಸ್ಪ್ಯಾನರ್ ಕಡೆ ನೋಡುತ್ತೀರಿ. ರೊಟ್ಟಿ ತಟ್ಟೆಯನ್ನು ಶೆಡ್ಡಿನ ಬಾಗಿಲಲ್ಲಿಟ್ಟರೆ ಮಾತ್ರ ಖಾಲಿಯಾಗಿ ವಾಪಸು ಬರುತ್ತದೆ. ಅಂದರೆ ನಿಮ್ಮ ಮುನಿಸು ಲೋಕದ ಮೇಲೆ, ರೊಟ್ಟಿಯ ಮೇಲಲ್ಲ. ಈ ಹೊತ್ತಿನ ತಟ್ಟೆಯ ಕೆಳಗೆ ಈ ಕಾಗದ ಇಡುತ್ತೇನೆ. ಕೈ ಒರೆಸಿಕೊಂಡು ಓದಿ, ಗ್ರೀಸ್ ಮೆತ್ತಬೇಡಿ.

ನಾಳೆ ದಾವಣಗೆರೆಯಿಂದ ಯಾರೋ ಬಂದು ಕಾರು ಕೊಂಡು ಹೋಗುತ್ತಾರಂತೆ. ನಾಳೆಯೇ ಸೊರಬದಿಂದ ಹೊಸದಾಗಿ ಮದುವೆಯಾದ ಮಗಳನ್ನೂ ಅಳಿಯನನ್ನೂ ತವರಿಗೆ ಕರೆತರಬೇಕು. ಅದಕ್ಕೆ ನನ್ನನ್ನು ನಿಮ್ಮ ಅಕ್ಕ ಜಗದಾಂಬನ ಮನೆಯ ಜೀಪಿನಲ್ಲಿ ಕಳಿಸಿ, ನೀವು ಮಾತ್ರ ಬರುವುದಿಲ್ಲವಂತೆ. ಇದನ್ನೆಲ್ಲ ನೀವು ನನಗೆ ಹೇಳಲಿಲ್ಲ, ಫೋನಿನಲ್ಲಿ ಹೇಳುವುದು ಕೇಳಿಸಿತು. ನೀವು ಫೋನಿನಲ್ಲಿ ಮಾತಾಡಿದರೆ ಬಸ್ ಸ್ಟ್ಯಾಂಡಿನವರಿಗೂ ಕೇಳಿಸುತ್ತದೆ. ಕಾರು ಹೋಗುತ್ತದೆಂದರೆ ನನಗೆ ಹಬ್ಬವಾಗಬೇಕಿತ್ತು. ಆಗಲಿಲ್ಲ. ಯಾಕೆಂದು ಹೇಳುವುದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಹುಚ್ಚು ಬಿಡುವವರೆಗೆ ಮದುವೆ ಆಗುವುದಿಲ್ಲ, ಮದುವೆ ಆಗುವವರೆಗೆ ಹುಚ್ಚು ಬಿಡುವುದಿಲ್ಲ ಎನ್ನುತ್ತಾರೆ. ನಿಮಗೆ ಮದುವೆಯೂ ಆಯಿತು, ಹುಚ್ಚೂ ಉಳಿಯಿತು. ನಾನು ಈ ಮನೆ ತುಂಬಿದ ವರ್ಷವೇ ನೀವು ಸೊರಬದ ಯಾವುದೋ ಅಕ್ಕಿ ಗಿರಣಿಯ ಹಿತ್ತಲಲ್ಲಿ ಬಿದ್ದಿದ್ದ ಆ ಹಳೆಯ ಪ್ಲಿಮತ್ ಕಾರನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಿಕೊಂಡು ಬಂದಿರಿ. ನೀವು ಒಳಗೆ ಕೂತು, ಓಡದ ಕಾರಿನ ಸ್ಟಿಯರಿಂಗ್ ಹಿಡಿದು, ಓಣಿಯವರಿಗೆಲ್ಲ ಕೈ ಬೀಸುತ್ತಿದ್ದಿರಿ. ನಮ್ಮತ್ತೆ ನನಗೆ ಎತ್ತಿದ ಆರತಿ ತಟ್ಟೆಯಲ್ಲೇ ಅದಕ್ಕೂ ಆರತಿ ಎತ್ತಿದರು. ನೋಡಿದರೆ ಹಿಂದಿನ ಸೀಟಿನಲ್ಲಿ ಗಿರಣಿಯವರ ಕೋಳಿಯೊಂದು ಕಾವಿಗೆ ಕೂತಿತ್ತು. ಅವರು ಬಂದು ಕೇಳಿದಾಗ, ಮರಿಯಾಗಲಿ, ಆಮೇಲೆ ಒಯ್ಯಿರಿ ಎಂದಿರಿ. ಲಿಂಗವಂತರ ಮನೆಯಂಗಳದಲ್ಲಿ ಕೋಳಿ ಸಾಕಿದ್ದಾರೆಂದು ಓಣಿಯೆಲ್ಲ ನಕ್ಕಿತು. ಮರಿಗಳು ಹೊರಬರುವವರೆಗೆ ನೀವು ಆ ಕಾರಿಗೆ ಒಂದು ಸುತ್ತಿಗೆ ಏಟೂ ಹಾಕಲಿಲ್ಲ. ಈ ಮನುಷ್ಯ ಹುಚ್ಚ, ಆದರೆ ಕೆಟ್ಟವನಲ್ಲ ಎಂದು ನಾನು ಅಂದೇ ಲೆಕ್ಕ ಹಾಕಿಕೊಂಡೆ.

ಆಮೇಲೆ ಶುರುವಾಯಿತು. ಅಮೆರಿಕದಲ್ಲಿ ಇಂಥ ಹಳೆಯ ಕಾರುಗಳನ್ನು ತಗ್ಗಿಸಿ, ಕತ್ತರಿಸಿ, ಬೇರೆ ಇಂಜಿನ್ ಕೂರಿಸಿ, ಬಣ್ಣ ಬಳಿದು ತಮ್ಮದೇ ಮಾಡಿಕೊಳ್ಳುತ್ತಾರೆ, ಅದಕ್ಕೆ ಸ್ಟ್ರೀಟ್ ರಾಡ್ ಎಂದು ಹೆಸರು ಅಂತ ನೀವು ನನಗೆ ಪಾಠ ಹೇಳಿದ್ದು ಅಶ್ವಿನಿ ಹೊಟ್ಟೆಯಲ್ಲಿದ್ದಾಗ. ನಾನು ಬಯಕೆಗೆ ಮಾವಿನಕಾಯಿ ಕೇಳಿದ್ದೆ. ನೀವು ಶಿವಮೊಗ್ಗಕ್ಕೆ ಹೋಗಿ ಕಾರ್ಬುರೇಟರ್ ತಂದಿರಿ. ಮಗಳು ಹುಟ್ಟಿದ ದಿನ ತೊಟ್ಟಿಲ ಹತ್ತಿರ ನಿಂತು, ಇವಳು ಗಂಡನ ಮನೆಗೆ ಹೋಗೋದು ಈ ಕಾರಲ್ಲೇ ಎಂದಿರಿ. ಮಗುವಿಗೆ ಇನ್ನೂ ಹೆಸರಿಟ್ಟಿರಲಿಲ್ಲ, ವಾಹನ ಮಾತ್ರ ಗೊತ್ತಾಗಿತ್ತು.

ಪಂಪ್‌ಸೆಟ್ ಅಂಗಡಿಯಲ್ಲಿ ದುಡಿದದ್ದರಲ್ಲಿ ಅರ್ಧ ಮನೆಗೆ, ಅರ್ಧ ಅದಕ್ಕೆ. ಜೀಪಿನ ಇಂಜಿನ್ ಬಂತು. ಹಿಂದಕ್ಕೆ ದಪ್ಪ ಟಯರು ಬಂತು. ನಿಮ್ಮ ಬಾಲ್ಯದ ಗೆಳೆಯ ನಜೀರ್ ಸಾಬರ ಹೆಂಡತಿ ಅಕ್ತರ್ ಬೀ ಕೂತು ಕೆಂಪು ರೆಕ್ಸಿನ್ನಿನ ಸೀಟು ಹೊಲಿದುಕೊಟ್ಟರು. ಬಾನೆಟ್ಟಿನ ಮೇಲೆ ಬೆಂಕಿಯ ಜ್ವಾಲೆ ಬೇಕೆಂದಿರಿ. ನಮ್ಮೂರ ಪೇಂಟರಿಗೆ ಜನ್ಮವೆಲ್ಲ ಲಾರಿ ಹಿಂದೆ ಕಮಲ ಬರೆದೇ ಗೊತ್ತು, ಹಾಗಾಗಿ ನಿಮ್ಮ ಬೆಂಕಿ ಎಲ್ಲ ಎಸಳು ಎಸಳಾಗಿ ಅರಳಿತು. ಅದನ್ನೂ ನೀವು ಒಪ್ಪಿಕೊಂಡಿರಿ, ಅಮೆರಿಕದಲ್ಲಿ ಯಾರ ಹತ್ತಿರವೂ ಇಂಥದ್ದಿಲ್ಲ ಎಂದಿರಿ. ಸವತಿಯ ಸೀರೆ ಬಣ್ಣ ಚೆನ್ನಾಗಿದೆಯೇ ಎಂದು ಹೆಂಡತಿಯನ್ನೇ ಕೇಳಿದ ಗಂಡ ನೀವೊಬ್ಬರೇ.

ಹೋದ ವರ್ಷ ಅಶ್ವಿನಿಗೆ ಸೊರಬದ ಚನ್ನೇಶನ ಜೊತೆ ಮಾತುಕತೆ ಆದ ಕೂಡಲೇ ಕೊನೆಯ ಕೆಲಸ ಬಾಕಿ ಇದೆ ಎಂದು ಅದನ್ನು ನಜೀರ್ ಸಾಬರ ಟಿಂಕರಿಂಗ್ ಅಂಗಡಿಗೆ ಒಯ್ದಿರಿ. ಚಾವಣಿ ಕೊಯ್ದು ತಗ್ಗಿಸಬೇಕು, ಆಗಲೇ ಅದಕ್ಕೆ ಪೂರ್ತಿ ಕಳೆ ಬರುವುದು. ಅಳತೆ ಹೇಗೆ ತೆಗೆದಿರಿ? ನೀವಿಬ್ಬರೇ ಒಳಗೆ ಕೂತು ತೆಗೆದಿರಿ. ನಿಮ್ಮದು ಬೋಳು ತಲೆ. ನಜೀರಣ್ಣನದು ತಲೆಗೆ ಅಂಟಿದಂತಿರುವ ಟೋಪಿ. ತಲೆಯ ಮೇಲೆ ಇನ್ನೂ ಜಾಗ ಇದೆಯಲ್ಲ ಎಂದು ನಾಲ್ಕು ಬೆರಳು ಕೊಯ್ದಿರಿ. ದೂರ ನಿಂತು ನೋಡಿ, ಮನಸ್ಸು ತುಂಬಲಿಲ್ಲವೆಂದು ಇನ್ನೆರಡು ಬೆರಳು ಕೊಯ್ದಿರಿ. ಮದುವೆ ಗಂಡಿನ ತಲೆಯ ಮೇಲೆ ಏನೇನಿರುತ್ತದೆ ಎಂದು, ಎರಡು ಮನೆಯ ಮದುವೆಗಳಲ್ಲೂ ಓಡಾಡಿ ಬೆಳೆದ ನಿಮ್ಮಿಬ್ಬರಲ್ಲಿ ಒಬ್ಬರಿಗೂ ನೆನಪಾಗಲಿಲ್ಲ. ಆಮೇಲೆ ನಜೀರಣ್ಣ ನನ್ನ ಮುಂದೆ ಹಣೆ ಚಚ್ಚಿಕೊಂಡರು. “ನಮ್ಮಲ್ಲಿ ಮದುಮಗನ ಸೆಹ್ರಾ ಹೂವು ಮುಖದ ಕೆಳಗೆ ಇಳೀತೈತಿ ಅಕ್ಕಾ, ನಿಮ್ಮಲ್ಲಿ ಬಾಸಿಂಗ ಮ್ಯಾಲೆ ಏರ್ತೈತಿ. ಅದು ನಂಗೆ ಹೊಳೀಲೇ ಇಲ್ಲ ನೋಡ್ರಿ” ಎಂದರು.

ಮದುವೆಯ ದಿನದ್ದು ನಿಮಗೆ ಮರೆತಿರಲಾರದು. ಆದರೂ ಬರೆಯುತ್ತೇನೆ, ಯಾಕೆಂದರೆ ನೀವು ಅದನ್ನು ಒಂದೇ ಕಡೆಯಿಂದ ನೋಡಿದ್ದೀರಿ. ಹೆಣ್ಣೊಪ್ಪಿಸುವ ಶಾಸ್ತ್ರ ಮುಗಿಯಿತು. ನಾವೆಲ್ಲ ಕಣ್ಣು ಮೂಗು ಒರೆಸಿಕೊಳ್ಳುತ್ತಾ ಕಲ್ಯಾಣ ಮಂಟಪದ ಮೆಟ್ಟಿಲ ಮೇಲೆ ನಿಂತಿದ್ದೆವು. ಚನ್ನೇಶ ಬಗ್ಗಿದ, ಪೇಟ ತಾಗಿತು. ಇನ್ನೂ ಬಗ್ಗಿದ, ಬಾಸಿಂಗ ತಾಗಿತು. ಹಿಮ್ಮುಖವಾಗಿ ಒಳಹೊಕ್ಕು ನೋಡಿದ, ಹಿಂದಿನಿಂದ ಬಾಗಿಲಿಗೆ ತಾಗಿದ. ಅಳುತ್ತಿದ್ದ ಹೆಂಗಸರೆಲ್ಲ ಅಳು ನಿಲ್ಲಿಸಿ ನೋಡತೊಡಗಿದರು. ಯಾರೋ ಬಾಸಿಂಗ ಬಿಚ್ಚಿ ಕೈಯಲ್ಲಿ ಹಿಡಿದುಕೊಳ್ಳಲಿ ಎಂದರು. ಅಷ್ಟಕ್ಕೇ ನಿಮ್ಮ ಅಕ್ಕ, ಗಂಡಿನ ಮನೆ ದೇವರ ಮುಂದೆ ಬಿಚ್ಚಬೇಕಾದ್ದನ್ನು ರಸ್ತೆಯಲ್ಲಿ ಬಿಚ್ಚುವ ಪದ್ಧತಿ ನಮ್ಮ ಮನೆತನದಲ್ಲಿಲ್ಲ ಎಂದು ಅಡ್ಡ ನಿಂತರು. ಬೀಗರ ಜೀಪು ಪಕ್ಕದಲ್ಲೇ ಇತ್ತು. ಅದಕ್ಕೆ ನೀವು ಅಡ್ಡ ನಿಂತಿರಿ. ಕೊನೆಗೆ ನಜೀರಣ್ಣನೇ ಹಿಂದಿನ ಸೀಟನ್ನು ಕಿತ್ತು ಮಂಟಪದ ಜಗುಲಿಗೆ ಒರಗಿಸಿ, ಮಂಟಪದ್ದೇ ಒಂದು ಜಮಖಾನ ತಂದು ಕಾರಿನ ನೆಲಕ್ಕೆ ಹಾಸಿ, ಮದುಮಕ್ಕಳನ್ನು ಚಕ್ಕಳಮಕ್ಕಳ ಕೂರಿಸಿದರು. ಬಾಗಿಲು ಹಾಕಿಕೊಂಡಿತು. ನೀವು ಗೆದ್ದೆನೆಂಬ ಮುಖ ಮಾಡಿಕೊಂಡು ಹಾರನ್ ಹೊಡೆದಿರಿ.

ಆದರೆ ನೆಲದ ಮೇಲೆ ಕೂತವರು ಹೊರಗಿನವರಿಗೆ ಹೇಗೆ ಕಾಣುತ್ತಾರೆ? ಮುಖ ಕಾಣುವುದಿಲ್ಲ. ಕಿಟಕಿಯಲ್ಲಿ ಎರಡು ಬಾಸಿಂಗ ಮಾತ್ರ ಥಳಥಳ ಅನ್ನುತ್ತಾ ಹೋಗುತ್ತಿದ್ದವು. ಬಾನೆಟ್ಟಿನ ಮೇಲೆ ಬೇರೆ ಕಮಲ. ಶಿರಾಳಕೊಪ್ಪದ ಸಂತೆಯ ಜನ ಯಾವುದೋ ಊರಿನ ದೇವರು ಹೋಗುತ್ತಿದೆ ಎಂದುಕೊಂಡು ದಾರಿ ಬಿಟ್ಟರು. ಒಬ್ಬಾಕೆ ಕಾರು ನಿಲ್ಲಿಸಿ, ಕಿಟಕಿಯೊಳಗೆ ಹಣ್ಣುಕಾಯಿ ಇಟ್ಟು, ಕಣ್ಮುಚ್ಚಿ ಬೇಡಿಕೊಂಡಳು. ಒಳಗಿನಿಂದ ಬಳೆ ತೊಟ್ಟ ಕೈಯೊಂದು ಬಂದು ಎಲೆ ಅಡಿಕೆ ಕೊಟ್ಟಾಗ ಆಕೆ ಚೀಲ ಅಲ್ಲೇ ಬಿಟ್ಟು ಓಡಿದಳು. ಮುಂದಿನ ಸೀಟಿನಲ್ಲಿದ್ದ ನಾನು ನಗುವುದೋ ಅಳುವುದೋ ತಿಳಿಯದೆ ಸೆರಗು ಬಾಯಿಗೆ ತುರುಕಿಕೊಂಡೆ. ನಿಮ್ಮ ಕಿವಿ ಮಾತ್ರ ಕೆಂಪಗಾಗಿತ್ತು, ರೆಕ್ಸಿನ್ನಿಗಿಂತ ಕೆಂಪಗೆ.

ಸೊರಬದಲ್ಲಿ ಬಾಗಿಲು ತೆಗೆದರೆ ಇಬ್ಬರ ಕಾಲೂ ಜೋಮು ಹಿಡಿದಿತ್ತು. ಹೊಸ್ತಿಲ ಮೇಲಿನ ಅಕ್ಕಿ ಸೇರನ್ನು ಒದೆಯಬೇಕಾದ ನಮ್ಮ ಮಗಳು ಅದನ್ನು ದಾಟಿ ಮುಗ್ಗರಿಸಿದಳು. ಆಗ ಚನ್ನೇಶನ ದೊಡ್ಡಪ್ಪ ಪರಮಶಿವಪ್ಪನವರು ಕಾರಿಗೆ ಒಂದು ಸುತ್ತು ಬಂದು, “ಬೀಗ್ರೇ, ಇದಕ್ಕೆ ಬಾಗಿಲು ಯಾಕೆ ಮಾಡಿಸಿದ್ರಿ, ಮೇಲೊಂದು ಮುಚ್ಚಳ ಇಟ್ಟಿದ್ರೆ ಸಾಕಿತ್ತು” ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ, ಸುಳ್ಳು ಯಾಕೆ ಹೇಳಲಿ. ನೀವು ನಗಲಿಲ್ಲ. ಊಟಕ್ಕೂ ನಿಲ್ಲದೆ, ಬೀಗದ ಕೈಯನ್ನು ನಜೀರಣ್ಣನ ಕೈಗಿಟ್ಟು, ಬಸ್ಸು ಹತ್ತಿ ಶಿಕಾರಿಪುರಕ್ಕೆ ಬಂದುಬಿಟ್ಟಿರಿ. ಮಗಳು ಒಳಗಿನಿಂದ ಅಪ್ಪ ಎಲ್ಲಿ, ಅಪ್ಪ ಎಲ್ಲಿ ಎಂದು ಕೇಳುತ್ತಲೇ ಇದ್ದಳು. ಅವತ್ತಿನಿಂದ ಕಾರಿಗೆ ತಾಡಪಾಲು ಹೊದಿಸಿದ್ದೀರಿ, ನಜೀರಣ್ಣ ಬಂದರೆ ಮುಖ ತಿರುಗಿಸುತ್ತೀರಿ. ಮಗಳ ಒಂದು ದಿನಕ್ಕಾಗಿ ಜೀವಮಾನವೆಲ್ಲ ಕಟ್ಟಿದ್ದು ಆ ಒಂದು ದಿನವೇ ನಗೆಪಾಟಲಾಯಿತು ಎಂಬುದು ನಿಮ್ಮ ಸಂಕಟ. ಅದು ನನಗೆ ತಿಳಿಯುತ್ತದೆ ಕಣ್ರೀ. ನಕ್ಕವಳಿಗೂ ತಿಳಿಯುತ್ತದೆ.

ಈಗ ನೀವು ನೋಡದ ಕಡೆಯದನ್ನು ಕೇಳಿ. ನೀವು ಬಸ್ಸು ಹತ್ತಿದ ಮೇಲೆ ಆ ಮನೆಯಲ್ಲಿ ಗಲಾಟೆಯೋ ಗಲಾಟೆ. ಚನ್ನೇಶನ ಅಜ್ಜಿ ಬಸವಣ್ಣೆಮ್ಮ ಕಾಣುತ್ತಿಲ್ಲ. ಸೊಂಟ ಬಾಗಿ, ಮುಖ ನೆಲ ನೋಡುವಂತಾಗಿರುವ ಆ ಮುದುಕಿ ಅಂಗಳ ದಾಟಿ ವರ್ಷಗಳೇ ಆಗಿವೆಯಂತೆ. ಬಾವಿಯೊಳಗೆ ಇಣುಕಿದರು, ಕೊಟ್ಟಿಗೆ ಹುಡುಕಿದರು. ಕೊನೆಗೆ ಸಿಕ್ಕಿದ್ದು ನಿಮ್ಮ ಕಾರಿನೊಳಗೆ. ಜಮಖಾನದ ಮೇಲೆ ಕಾಲು ಚಾಚಿಕೊಂಡು, ಬದಿಗೆ ಒರಗಿ, ಎಲೆ ಅಡಿಕೆ ಜಗಿಯುತ್ತಾ ಆರಾಮವಾಗಿ ಕೂತಿದ್ದರು. ಯಾರೂ ಎತ್ತಿ ಹತ್ತಿಸಿರಲಿಲ್ಲ. ನೀವು ಕಾರನ್ನು ನೆಲಕ್ಕೆ ಅಷ್ಟು ತಗ್ಗಿಸಿದ್ದೀರಲ್ಲ, ಅಂಗೈ ಊರಿ ತಾವೇ ಹೊಕ್ಕಿದ್ದರು. ಬಸ್ಸಿನ ಮೆಟ್ಟಿಲು ಅವರಿಗೆ ಎತ್ತರ, ಜೀಪು ಇನ್ನೂ ಎತ್ತರ, ಸೀಟಿನ ಮೇಲೆ ಕಾಲು ಇಳಿಬಿಟ್ಟು ಕೂತರೆ ಸೊಂಟ ಹಿಡಿದುಕೊಳ್ಳುತ್ತದಂತೆ. ಇದು ನಮ್ಮ ಪಡಸಾಲೆ ಇದ್ದಂಗೆ ಐತಲ್ಲ ಎಂದು ಹೇಳಿ ಇಳಿಯಲು ಒಪ್ಪಲೇ ಇಲ್ಲ. ಬೆಲ್ಲದ ಪಾನಕ ಕೊಟ್ಟು ಇಳಿಸಿದೆವು.

ವಾಪಸು ಬರುವಾಗ ನಜೀರಣ್ಣ ಓಡಿಸಿದರು. ಕಾರು ಕೊಯ್ಯುವುದರಲ್ಲಿ ಅವರ ಕೈ ಎಷ್ಟು ಚುರುಕೋ ಓಡಿಸುವುದರಲ್ಲಿ ಅಷ್ಟೇ ಅಂಜುಬುರುಕು. ಸೊರಬದಿಂದ ಮನೆಯವರೆಗೂ ಎರಡನೇ ಗೇರು. ಕಬ್ಬಿನ ಟ್ರ್ಯಾಕ್ಟರುಗಳೂ ನಮ್ಮನ್ನು ಹಿಂದೆ ಹಾಕಿದವು. ಇಂಜಿನ್ ಅರಚಿದ್ದು ಇನ್ನೂ ನನ್ನ ಕಿವಿಯಲ್ಲಿದೆ.

ಇವತ್ತು ಮಧ್ಯಾಹ್ನ ಅಶ್ವಿನಿ ಫೋನ್ ಮಾಡಿದ್ದಳು. ಅಜ್ಜಿಯ ತವರು ಉಡುತಡಿ. ಅಲ್ಲಿ ಅವರ ತಮ್ಮ ಕಾಲು ಬಾರದೆ ಹಾಸಿಗೆ ಹಿಡಿದಿದ್ದಾನೆ, ಮದುವೆಗೂ ಬರಲಾಗಲಿಲ್ಲ. ಅಕ್ಕ ತಮ್ಮ ಮುಖ ನೋಡಿ ಎಷ್ಟೋ ವರ್ಷವಾಯಿತು. ನಾಳೆ ಮದುಮಕ್ಕಳನ್ನು ಕರೆಯಲು ಆ ಗಿಡ್ಡ ಕಾರು ಬರುತ್ತದಲ್ಲ, ನಾನೂ ಬರುತ್ತೇನೆ, ಉಡುತಡಿಯಲ್ಲಿ ಇಳಿಸಿ ಹೋಗಲಿ ಎಂದು ಬೆಳಗಿನಿಂದಲೇ ಸೀರೆ ಗಂಟು ಕಟ್ಟಿ ಬಾಗಿಲಲ್ಲಿ ಕೂತಿದ್ದಾರಂತೆ. ನೀವು ಕಾರು ಮಾರುವ ಸಂಗತಿ ಅವರಿಗೆ ಯಾರು ಹೇಳಬೇಕು? ಮಗಳು, ನೀನೇ ಅಜ್ಜಿಗೆ ಹೇಳು ಎಂದಳು. ನನ್ನಿಂದ ಆಗಲಿಲ್ಲ. ನೀವು ಸೊರಬಕ್ಕೆ ಹೋಗಿ ಹೇಳುವಿರಾದರೆ ಹೇಳಿ.

ದಾವಣಗೆರೆಯವರು ಸಂಜೆ ಫೋನ್ ಮಾಡಿದ್ದರು. ನಿಮ್ಮ ಫೋನು ಅಡುಗೆಮನೆಯಲ್ಲಿ ಚಾರ್ಜಿಗೆ ಇತ್ತು, ನಾನೇ ಎತ್ತಿದೆ. ಬರಬೇಡಿ, ಕಾರು ಒಬ್ಬ ಅಜ್ಜಿಗೆ ಬುಕ್ಕಾಗಿದೆ ಎಂದೆ. ಅವರಿಗೆ ಏನೂ ತಿಳಿಯಲಿಲ್ಲ, ತಿಳಿಯಬೇಕಾಗಿಯೂ ಇಲ್ಲ. ಬೈಯುವುದಾದರೆ ಒಳಗೆ ಬಂದು ಬೈಯಿರಿ, ಶೆಡ್ಡಿನಿಂದ ಬೈದರೆ ಲೆಕ್ಕಕ್ಕಿಲ್ಲ. ಆ ಕಾರಿನ ಮೇಲೆ ನನಗೆ ಪ್ರೀತಿ ಇಲ್ಲ, ಈಗಲೂ ಇಲ್ಲ. ಅದರ ಕೆಳಗೆ ಮಲಗಿ ತನ್ನಷ್ಟಕ್ಕೆ ಗುನುಗಿಕೊಳ್ಳುವ ಮನುಷ್ಯನ ಮೇಲೆ ಇದೆ. ಮದುವೆಯ ದಿನದಿಂದ ಶೆಡ್ಡಿನಲ್ಲಿ ಸದ್ದಿಲ್ಲ. ನನಗೆ ಭಯವಾಗುತ್ತದೆ ರೀ.

ನಾಳೆ ಬೆಳಿಗ್ಗೆ ಕಾರು ಸೊರಬಕ್ಕೆ ಹೊರಡುತ್ತದೆ. ನೀವು ಓಡಿಸಿದರೆ ಸರಿ. ಇಲ್ಲದಿದ್ದರೆ ನಜೀರಣ್ಣ ಓಡಿಸುತ್ತಾರೆ, ಹೋಗುವಾಗಲೂ ಎರಡನೇ ಗೇರು, ಬರುವಾಗಲೂ ಎರಡನೇ ಗೇರು. ಆಯ್ಕೆ ನಿಮ್ಮದು. ಹಿಂದಿನ ಸೀಟು ಮಂಟಪದಿಂದ ಬಂದಿದೆ, ಆದರೆ ಕೂರಿಸಬೇಡಿ. ಜಮಖಾನ ನಮ್ಮದೇ ಒಗೆದು ಒಣಹಾಕಿದ್ದೇನೆ.

ಅಜ್ಜಿ ಫೋನಿನಲ್ಲಿ ನನ್ನ ಜೊತೆಗೂ ಮಾತಾಡಿದರು. ಜೀಪಿನಲ್ಲಿ ದಿಂಬು ಇಟ್ಟು ಹುಷಾರಾಗಿ ಕರೆತಂದರೆ ಆಗುವುದಿಲ್ಲವೇ ಎಂದು ನಾನು ಸುಮ್ಮನೆ ಕೇಳಿ ನೋಡಿದೆ. ಅವರು ಹೇಳಿದ್ದನ್ನು ಒಂದು ಅಕ್ಷರ ಬಿಡದೆ ಬರೆಯುತ್ತೇನೆ. “ಬ್ಯಾರೆ ಗಾಡ್ಯಾಗೆ ಎಲ್ರೂ ನೆಟ್ಟಗೆ ಕುಂತಿರ್ತಾರವ್ವ, ನಾನೊಬ್ಬಳೇ ಬಗ್ಗಿರ್ತೀನಿ. ನಿಮ್ಮ ಯಜಮಾನ್ರ ಕಾರೊಳಗೆ ಹೊಕ್ಕೋರೆಲ್ಲ ನನ್ನಂಗೇ ಬಗ್ತಾರಲ್ಲ, ಅದಕ್ಕೇ ಅದೇ ಬರ್ಲಿ.”

ನಿಮ್ಮ ಪರವಾಗಿ ನಾನು ಹೂಂ ಎಂದಿದ್ದೇನೆ.

ದೇವರು ನಿಮಗೆ ಆಯುಸ್ಸು ಕೊಡಲಿ, ಕಾರಿಗೂ ಕೊಡಲಿ. ಬೆಳಗಿನ ಜಾವ ಹಂಡೆ ತುಂಬ ಬಿಸಿನೀರು ಕಾಯಿಸಿರುತ್ತೇನೆ. ಮೊದಲ ಎರಡು ಬಕೆಟ್ಟು ಅದಕ್ಕೆ, ಉಳಿದದ್ದು ನಿಮಗೆ.

ಇಂತು, ಬಾಗಿಲು ತೆರೆದಿಟ್ಟು ಕಾಯುವ
ನಿಮ್ಮ ನೀಲಾಂಬಿಕ