ನಿಂಬೆ ಸೋಪು, ಹನ್ನೊಂದು ಸೆಕೆಂಡು

ಮಾರ್ಚ್ 3. ಬೆಳಿಗ್ಗೆ 9.10
ಗಾಜಿನ ಪಟ್ಟಿ ನಲವತ್ತು ತೊಳೆದೆ. ಒಡೆದದ್ದು ಒಂದು. ಆಸಿಡ್‌ಗೆ ಇವತ್ತಿನಿಂದ ರಜೆ, ಹೊಸ ನಿಂಬೆ ಸೋಪು ಬಂದಿದೆ. ನನ್ನದೇ ಐಡಿಯಾ. ಲ್ಯಾಬಿನ ಮುಖ್ಯಸ್ಥೆ ಮೇಡಂ ಮುಂದೆ ಜಂಭ ಕೊಚ್ಚಿಕೊಂಡದ್ದೂ ಆಯಿತು. ಬಾಟಲಿ ತೊಳೆಯಲು ಬಂದವನು ಈಗ ಮೈಕ್ರೋಸ್ಕೋಪ್ ರೂಮಿನ ಬೀಗದ ಕೈಗೆ ಯಜಮಾನ. ಇಷ್ಟಾದರೂ ಬೇಡವೇ?

ಮಾರ್ಚ್ 5
ಪಿಎಚ್.ಡಿ. ಹುಡುಗಿ, ನಮ್ಮ ಮರಿಡಾಕ್ಟರ್, ಮುಖ ಊದಿಸಿಕೊಂಡಿದ್ದಾಳೆ. ಅವಳ ಕೆಲಸ ಕೇಳಲು ಸರಳ. ಗಾಜಿನ ಮೇಲೆ ಕೊಬ್ಬಿನ ತೆಳು ಪೊರೆ ಹಾಸಬೇಕು. ಅದರಲ್ಲಿ ಹೊಳೆಯುವ ಪ್ರೋಟೀನು. ಲೇಸರ್ ಹೊಡೆದು ಒಂದು ಕಡೆ ಹೊಳಪು ಸುಟ್ಟರೆ ಕಪ್ಪು ಚುಕ್ಕೆ. ಸುತ್ತಲಿನ ಪ್ರೋಟೀನು ತೇಲಿ ಬಂದು ಅದನ್ನು ತುಂಬಬೇಕು — ಎಷ್ಟು ಬೇಗ ಎನ್ನುವುದೇ ಅಳತೆ. ಹೋದ ವಾರ ಹನ್ನೊಂದು ಸೆಕೆಂಡಿಗೆ ಅರ್ಧ ತುಂಬುತ್ತಿತ್ತು. ನಿನ್ನೆಯಿಂದ ಹತ್ತು ನಿಮಿಷ ಕಾದರೂ ಇಲ್ಲ.
"ಅಣ್ಣಾ, ನನ್ನ ಪ್ರೋಟೀನ್ ಸತ್ತೋಯ್ತು."
"ಅದು ಬದುಕಿದ್ದು ಯಾವಾಗಮ್ಮಾ?"
ನಗಲಿಲ್ಲ.

ಮಾರ್ಚ್ 9
ಹತ್ತೊಂಬತ್ತು ಪೊರೆ. ಹತ್ತೊಂಬತ್ತೂ ಜಡ. ಮೇಡಂ ಹೇಳಿಬಿಟ್ಟರು: "ಹನ್ನೆರಡನೇ ತಾರೀಕು ಮಧ್ಯಾಹ್ನದಿಂದ ಮೈಕ್ರೋಸ್ಕೋಪ್ ಬೇರೆಯವರಿಗೆ. ಅಷ್ಟರಲ್ಲಿ ಅಲ್ಲಾಡದಿದ್ರೆ ಥೀಸಿಸ್‌ನಿಂದ ಆ ಅಧ್ಯಾಯ ತೆಗೆದುಬಿಡು."
ಎರಡು ವರ್ಷದ ದುಡಿಮೆ. "ಆಯ್ತು ಮೇಡಂ" ಎಂದವಳು ಹೋಗಿ ಫ್ರಿಜ್ ಬಾಗಿಲನ್ನು ಸುಮ್ಮನೆ ತೆಗೆದು ಹಾಕಿ ಮಾಡುತ್ತ ನಿಂತಳು.

ಮಾರ್ಚ್ 10. ಸಂಜೆ
ಮನೆಯವಳು ಚಹಾ ಕೊಡುತ್ತ ಮೂಗು ಮುರಿದಳು. "ಏನ್ರೀ ಇದು, ಬೆಳಿಗ್ಗೆ ಮುಟ್ಟಿದ ಸೋಪು, ಎಷ್ಟು ಸಲ ಕೈ ತೊಳೆದ್ರೂ ನಿಂಬೆ ವಾಸನೆ ಹೋಗಿಲ್ವಲ್ಲ!"
ಲೋಟ ಕೆಳಗಿಟ್ಟು ಕೈ ಮೂಸಿ ನೋಡಿದೆ. ಕೈಯನ್ನೇ ಬಿಡದ್ದು ಗಾಜನ್ನು ಬಿಟ್ಟೀತೇ?
ಈ ಪುಸ್ತಕದ ಹಿಂದಿನ ಪುಟ ತಿರುವಿದೆ. ಸೋಪು ಬಂದದ್ದು ಮೂರಕ್ಕೆ. ಚುಕ್ಕೆ ಮೊಂಡು ಹಿಡಿದದ್ದು ನಾಲ್ಕಕ್ಕೆ. ಎರಡೂ ನನ್ನದೇ ಕೈಬರಹ.

ಮಾರ್ಚ್ 11
ಸದ್ದಿಲ್ಲದೆ ಆಸಿಡ್‌ನಲ್ಲಿ ತೊಳೆದಿಟ್ಟರೆ ಯಾರಿಗೂ ತಿಳಿಯದು. ಬಾಗಿಲವರೆಗೆ ಹಾಗೇ ಅಂದುಕೊಂಡು ಹೋದೆ. ಒಳಗೆ ಹುಡುಗಿ ಇಪ್ಪತ್ತನೆಯ ಪೊರೆ ಹಾಸುತ್ತಿದ್ದಳು.
"ನಿನ್ನ ಪ್ರೋಟೀನ್ ಸತ್ತಿಲ್ಲ ತಾಯಿ. ನನ್ನ ಸೋಪಿನಿಂದಾಗಿ ಗಾಜಿಗೆ ಅಂಟ್ಕೊಂಡು ಕೂತಿದೆ."
ಕೈಯಲ್ಲಿದ್ದ ಗಾಜನ್ನು ಕೆಳಗಿಟ್ಟಳು. "ಒಂದು ವಾರ ಅದಕ್ಕೆ ಏನೇನು ಬೈದಿದ್ದೀನಿ ಗೊತ್ತಾ ಅಣ್ಣಾ?"
"ಗೊತ್ತು. ಗೋಡೆ ತೆಳು."
"ಅದೆಲ್ಲ ಈಗ ನಿಮ್ಮ ಹೆಸರಿಗೆ!"
"ಜಮಾ ಮಾಡ್ಕೊಂಡೆ."
ಮೇಡಂಗೂ ಹೇಳಿದೆ. "ಅಷ್ಟು ಕೊಚ್ಕೊಂಡಿದ್ರಲ್ಲ..." ಎಂದರು, ಅಷ್ಟೇ. ಅದಕ್ಕಿಂತ ಆಸಿಡ್ ವಾಸಿ.
ಪಟ್ಟಿ ಮೂವತ್ತೊಂಬತ್ತು, ಆಸಿಡ್‌ಗೆ.

ಮಾರ್ಚ್ 12. 11.40
'ಬೇರೆಯವರು' ಹೊರಗೆ ನಿಂತು ಗಡಿಯಾರ ನೋಡುತ್ತಿದ್ದಾರೆ. ನೋಡಲಿ, ಬೀಗದ ಕೈ ನನ್ನ ಜೇಬಿನಲ್ಲಿದೆ. ದೀಪ ಆರಿಸಿದ್ದೇವೆ. ಸ್ಕ್ರೀನಿನ ಬೆಳಕಲ್ಲೇ ಬರೆಯುತ್ತಿದ್ದೇನೆ. ಲೇಸರ್ ಹೊಡೆದಳು. ಚುಕ್ಕೆ ಕಪ್ಪಗೆ ಕೂತಿದೆ. ಅವಳಿಗೆ ಉಸಿರಿಲ್ಲ, ಎಣಿಕೆ ನನ್ನದು. ಮೂರು. ಐದು. ಅಂಚು ಮಸುಕಾಯಿತೇ... ನನ್ನ ಕಣ್ಣೇ ಮಂಜೋ? ಎಂಟು. ಅಲ್ಲ, ಕಣ್ಣಲ್ಲ. ಹತ್ತು. "ಅಣ್ಣಾ!" — ಪೆನ್ನು ಹಿಡಿದ ಕೈಯನ್ನೇ ಹಿಡಿದು ಕುಣಿಸುತ್ತಿದ್ದಾಳೆ, ಹನ್ನೊಂ—