ದೂರು ಹೇಳುವ ಅಭ್ಯಾಸ

ಸೆಪ್ಟೆಂಬರ್ 9, ಸೋಮವಾರ. ಬಸ್ಸಿನಲ್ಲಿ, ಬೆಳಗ್ಗೆ 7.40

ಮತ್ತೆ ಅದೇ ಸೀಟು, ಹಿಂದಿನ ಬಾಗಿಲ ಪಕ್ಕ. ಇಲ್ಲಿ ಕೂತರೆ ಇಳಿಯುವಾಗ ಯಾರನ್ನೂ ದಾಟಬೇಕಿಲ್ಲ. ದಾಟಬೇಕೆಂದರೆ 'ಕ್ಷಮಿಸಿ, ಸ್ವಲ್ಪ ದಾರಿ ಬಿಡಿ' ಎನ್ನಬೇಕು. ಅದನ್ನು ಎರಡು ಸ್ಟಾಪ್ ಮೊದಲೇ ಬಾಯಿಪಾಠ ಮಾಡಿಕೊಳ್ಳಬೇಕು. ಈ ದೇಶಕ್ಕೆ ಬಂದು ಎರಡು ವರ್ಷ. ಭಾಷೆ ಬರುತ್ತದೆ — ಕಾಲೇಜಿನ ಸೀಟು ಸಿಕ್ಕಿದ್ದೇ ಭಾಷೆಯ ಮಾರ್ಕ್ಸಿನಿಂದ. ಬಾಯಿ ತೆರೆಯುವಾಗ ಮಾತ್ರ ಎದೆ ಡವಡವ.

ಶನಿವಾರ ಅಪ್ಪನ ಭಾಷಾ ಪರೀಕ್ಷೆಯ ಕಾಗದ ಬಂತು. ಅಕ್ಟೋಬರ್ 17, ಬೆಳಗ್ಗೆ 10.20. ಮೂರನೇ ಸಲ. 'ಕೊನೆಯ ಅವಕಾಶ' ಎಂದು ಕೆಳಗೆ ದಪ್ಪ ಅಕ್ಷರ. ನಾವು ಈ ದೇಶದಲ್ಲಿರಲು ಬೇಕಾದ ಪರ್ಮಿಟ್ ಇರುವುದು ಅಪ್ಪನ ಹೆಸರಿನಲ್ಲಿ. ಅದು ಮುಂದುವರಿಯಬೇಕಾದರೆ ಎರಡು ಬೇಕು — ಈ ಪರೀಕ್ಷೆ ಪಾಸಾಗಿರಬೇಕು, ಅಪ್ಪ ಕೆಲಸ ಮಾಡುವ ಲಾಂಡ್ರಿಯವರು ಕೆಲಸ ಇದೆ ಎಂದು ಪತ್ರ ಕೊಡಬೇಕು. ಅಮ್ಮ, ನಾನು ಅಪ್ಪನಿಗೆ ತಗುಲಿಕೊಂಡವರು. ಒಂದು ಗೂಟ, ಮೂರು ಹಗ್ಗ.

ಪರೀಕ್ಷೆಯಲ್ಲಿ ನಾಲ್ಕು ಭಾಗ. ಪರಿಚಯ, ಧನ್ಯವಾದ, ಕ್ಷಮೆ, ದೂರು. ಮೊದಲ ಮೂರರಲ್ಲಿ ಎರಡು ಸಲವೂ ಅಪ್ಪನಿಗೆ ಹೆಚ್ಚುಕಡಿಮೆ ಫುಲ್ ಮಾರ್ಕ್ಸ್. ನಾಲ್ಕನೆಯದರಲ್ಲಿ ಎರಡು ಸಲವೂ ಸೊನ್ನೆ. ಮೇಲಿನ ಮನೆಯವರು ಗದ್ದಲ ಮಾಡುತ್ತಾರೆ, ನಯವಾಗಿ ದೂರು ಹೇಳಿ ಎಂದು ಕಾರ್ಡಿನಲ್ಲಿತ್ತಂತೆ. ಪರೀಕ್ಷಕಿಯೇ ಮೇಲಿನ ಮನೆಯವರ ಪಾತ್ರದಲ್ಲಿ. ಅಪ್ಪ ಅವರಿಗೆ 'ಪರವಾಗಿಲ್ಲ, ಕ್ಷಮಿಸಿ, ಧನ್ಯವಾದ' ಎಂದು ಹೇಳಿ ಎದ್ದು, ಕುರ್ಚಿ ಒಳಗೆ ತಳ್ಳಿ ಬಂದರಂತೆ.

ಸ್ಟಾಪ್ ಬಂತು.

ಸೆಪ್ಟೆಂಬರ್ 11, ಬುಧವಾರ

ಅಪ್ಪನ ಸಂಜೆ ಕ್ಲಾಸಿನ ಭಾಷೆ ಮೇಡಂ ಫೋನ್ ಮಾಡಿದ್ದರು. ನಾನು ಎದ್ದು ನಿಂತು ಮಾತಾಡಿದೆ — ಹಾಸ್ಟೆಲ್ ಅಭ್ಯಾಸ. ದಿನಕ್ಕೆ ಅರ್ಧ ಗಂಟೆ ಮನೆಯಲ್ಲಿ ದೂರು ಹೇಳಿಸಬೇಕಂತೆ. ಇಲ್ಲಿ ದೂರು ಹೇಳುವುದೂ ಒಂದು ಮರ್ಯಾದೆಯೇ, ಮನಸ್ಸಿನಲ್ಲಿಟ್ಟುಕೊಂಡು ಮೇಲೆ ನಗುವವರನ್ನೇ ಜನ ನಂಬುವುದಿಲ್ಲ ಎಂದರು. ಅದಕ್ಕೊಂದು ಫಾರ್ಮುಲಾ ಕೊಟ್ಟರು. ಏನಾಯಿತು. ನನಗೇನು ತೊಂದರೆ. ನನಗೇನು ಬೇಕು. ಮೂರು ವಾಕ್ಯ ಸಾಕು.

ಅಡುಗೆಮನೆ ಟೇಬಲ್ಲಿನಲ್ಲಿ ಶುರು ಮಾಡಿದೆವು. ನಾನು ಕೆಟ್ಟುಹೋದ ಕೆಟಲ್ ಮಾರಿದ ಅಂಗಡಿಯವಳು. ಅಪ್ಪ ಗಿರಾಕಿ. ಕೆಟಲನ್ನು ಎರಡು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಕನ್ನಡದಲ್ಲಿ, "ಇರ್ಲಿ ಬಿಡು ಪುಟ್ಟಾ. ಪಾಪ, ಅವಳೇನು ಬೇಕೂಂತ ಮಾಡಿರ್ತಾಳಾ" ಎಂದರು.

ಅಮ್ಮ ಬಟ್ಟೆ ಮಡಿಸುತ್ತಿದ್ದವಳು ಬಿದ್ದು ಬಿದ್ದು ನಕ್ಕಳು. ಅಮ್ಮ ಮೊದಲ ಸಲಕ್ಕೇ ಪಾಸು. ಅವಳ ವ್ಯಾಕರಣ ದೇವರಿಗೇ ಪ್ರೀತಿ. ಆದರೆ ದೂರಿನ ಭಾಗ ಬಂದಾಗ ಕಾರ್ಡು ಬದಿಗಿಟ್ಟು, ಹೊರಗೆ ಕುರ್ಚಿ ಯಾಕೆ ಇಲ್ಲ, ಒಂದು ಗಂಟೆ ನಿಲ್ಲಿಸಿದಿರಲ್ಲ, ನನ್ನ ಮಂಡಿ ಏನು ಕಬ್ಬಿಣದ್ದಾ ಎಂದು ಪರೀಕ್ಷಕಿಗೇ ನೀರಿಳಿಸಿದ್ದಳು. ಇಪ್ಪತ್ತೈದಕ್ಕೆ ಇಪ್ಪತ್ತೈದು.

"ನಿಮ್ಮಪ್ಪಂಗೆ ಉಪ್ಪಿಲ್ಲದ ಸಾರು ಕೊಟ್ರೂ ಚೆನ್ನಾಗಿದೆ ಅಂತಾರೆ ಕಣೇ. ಇಪ್ಪತ್ತೆರಡು ವರ್ಷದಿಂದ ನೋಡ್ತಿದ್ದೀನಿ, ಸಾರು ಹೆಂಗಿತ್ತು ಅಂತ ಇವತ್ತಿಗೂ ಗೊತ್ತಿಲ್ಲ ನಂಗೆ."

ಅಪ್ಪ ನಕ್ಕರು. ಚೆನ್ನಾಗೇ ಇತ್ತು ಎಂದರು.

ಸೆಪ್ಟೆಂಬರ್ 15, ಭಾನುವಾರ

ಅಪ್ಪ ಪರೀಕ್ಷೆಯ ಫಾರ್ಮಿಗೆ ಸೂಪರ್‌ವೈಸರ್ ಸಹಿ ಹಾಕಿಸಬೇಕಿತ್ತು. ಮನೆಯಲ್ಲೇ ಮರೆತು ಹೋಗಿದ್ದರು. ಕೊಟ್ಟು ಬಾ ಎಂದು ಅಮ್ಮ ಕಳಿಸಿದಳು. ಆಸ್ಪತ್ರೆಯ ಲಾಂಡ್ರಿ. ಇದೇ ಮೊದಲ ಸಲ ಒಳಗೆ ಹೋಗಿದ್ದು.

ಬಿಸಿ ಹಬೆ. ಕನ್ನಡಕ ಮಂಜಾಯಿತು. ಒರೆಸಿಕೊಂಡು ನೋಡಿದರೆ ಲಾರಿಯಷ್ಟು ಉದ್ದದ ಇಸ್ತ್ರಿ ಮಷೀನು. ಈ ತುದಿಯಲ್ಲಿ ಇಬ್ಬರು ಒದ್ದೆ ಬೆಡ್‌ಶೀಟು ಕೊಡುತ್ತಾರೆ, ಆ ತುದಿಯಲ್ಲಿ ಅದು ಸುಡುಸುಡು ಹೊರಗೆ ಬರುತ್ತದೆ. ಹಿಡಿದು ಮಡಿಸಬೇಕು. ಅಲ್ಲಿ ಅಪ್ಪ. ಬಾಯಲ್ಲಿ ಎಣಿಸುತ್ತಾ ಮಡಿಸುತ್ತಿದ್ದರು, ಇಲ್ಲಿಯ ಭಾಷೆಯಲ್ಲೇ, ನಲವತ್ತೊಂದು, ನಲವತ್ತೆರಡು.

ಸಹಿ ಹಾಕುವಾಗ ಸೂಪರ್‌ವೈಸರಮ್ಮ ಬಹಳ ಹೊಗಳಿದರು. ಇಷ್ಟು ಸಭ್ಯ ಮನುಷ್ಯನನ್ನು ನೋಡಿಲ್ಲವಂತೆ. ಹನ್ನೊಂದು ವರ್ಷದಲ್ಲಿ ಒಂದೇ ಒಂದು ತಕರಾರಿಲ್ಲ. ಎಲ್ಲರೂ ಪ್ರೀತಿಯಿಂದ 'ಸಾರಿ ಸರ್' ಎಂದೇ ಕರೆಯುವುದಂತೆ.

ಅವರ ಬೆನ್ನ ಹಿಂದೆ ಗೋಡೆಗೆ ನಿಯಮದ ಪಟ್ಟಿ ಅಂಟಿಸಿತ್ತು. ನಾನು ಏನು ಕಂಡರೂ ಓದುವವಳು. ಬಿಸಿ ತುದಿಯಲ್ಲಿ ಒಬ್ಬರು ಎರಡು ಗಂಟೆಗಿಂತ ಹೆಚ್ಚು ನಿಲ್ಲಬಾರದು, ಸರದಿ ಬದಲಾಗಬೇಕು. ಕೆಳಗೆ ಈ ವಾರದ ಸರದಿ. ಉಳಿದವರ ಹೆಸರುಗಳು ಅತ್ತಿಂದಿತ್ತ ಓಡಾಡುತ್ತವೆ. ಬಿಸಿ ತುದಿಯ ಸಾಲಿನಲ್ಲಿ ಆರು ದಿನವೂ, ಎಂಟು ಗಂಟೆಯೂ, ಅಪ್ಪ.

ಅಪ್ಪನ ಮೊಣಕೈ ಕೆಳಗಿನ ಕಲೆಗಳು... ಎಣ್ಣೆ ಸಿಡಿದದ್ದು ಎನ್ನುತ್ತಿದ್ದರು. ಅಪ್ಪ ಯಾವತ್ತು ಒಲೆ ಮುಂದೆ ನಿಂತಿದ್ದಾರೆ?

ಸೂಪರ್‌ವೈಸರಮ್ಮನಿಗೆ ಏನಾದರೂ ಹೇಳಬಹುದಿತ್ತು. ಧನ್ಯವಾದ ಹೇಳಿದೆ. ಬಾಗಿಲನ್ನು ಸದ್ದಾಗದಂತೆ ಹಾಕಿಕೊಂಡು ಬಂದೆ.

ಸೆಪ್ಟೆಂಬರ್ 23, ಸೋಮವಾರ. ಕಾಲೇಜು ಲೈಬ್ರರಿ

ಸೆಮಿನಾರಿಗೆ ನನ್ನ ಜೊತೆ ಹಾಕಿರುವ ಹುಡುಗಿ ತನ್ನ ಪಾಲಿನ ಸ್ಲೈಡುಗಳನ್ನೂ ನನಗೇ ದಾಟಿಸಿದಳು. ನೋ ಪ್ರಾಬ್ಲಮ್ ಎಂದೆ. ಅಪ್ಪನ ಮಗಳು.

ನಿನ್ನೆ ಅಪ್ಪನಿಗೆ ಹೇಳಿದೆ, ಕೆಟಲ್ ಬೇಡ, ನಿಜವಾದದ್ದೇ ಹೇಳಿ ಕಲಿಯೋಣ, ಆ ಬಿಸಿ ತುದಿಯ ವಿಷಯ. ಮುಖ ಬಿಳುಚಿತು. ನೀನು ಅದನ್ನೆಲ್ಲ ಯಾಕೆ ನೋಡಿದೆ ಎಂದರು. ಆಮೇಲೆ ಸಮಾಧಾನವಾಗಿ ವಿವರಿಸಿದರು. ಕೆಲಸದ ಪತ್ರ ಕೊಡುವವರು ಅದೇ ಸೂಪರ್‌ವೈಸರು. ಮೊದಲ ವಾರ ಎರಡು ದಿನ ನಿಲ್ಲಿ ಎಂದಿದ್ದರಂತೆ, ನಿಂತರು. ಬದಲಾಯಿಸಿ ಎಂದು ಇವರು ಕೇಳಲಿಲ್ಲ, ಬದಲಾಯಿಸಬೇಕೆಂದು ಅವರಿಗೆ ನೆನಪಾಗಲಿಲ್ಲ. ಅಷ್ಟೇ. ಯಾರದ್ದೂ ತಪ್ಪಿಲ್ಲ.

"ಈಗ ಹೇಳಿದ್ರೆ, ಹನ್ನೊಂದು ವರ್ಷ ಯಾಕೆ ಹೇಳ್ಲಿಲ್ಲ ಅಂತ ಕೇಳಲ್ವಾ?"

ಕೆಟಲನ್ನೇ ಮತ್ತೆ ಅವರ ಕೈಗೆ ಕೊಟ್ಟೆ.

ಅಕ್ಟೋಬರ್ 4, ಶುಕ್ರವಾರ

ಕೆಟಲ್. ಗದ್ದಲ. ತಡವಾದ ರೈಲು. ತಣ್ಣಗಾದ ಊಟ. ಎಲ್ಲಕ್ಕೂ ಒಂದೇ ಉತ್ತರ, ಪರವಾಗಿಲ್ಲ.

ಅಕ್ಟೋಬರ್ 12, ಶನಿವಾರ. ಮಧ್ಯಾಹ್ನ

ಮರೆಯುವ ಮೊದಲೇ ಬರೆದುಬಿಡುತ್ತೇನೆ.

ಅಮ್ಮ ಕೆಲಸಕ್ಕೆ ಹೋಗಿದ್ದಳು. ಅಪ್ಪ ಸುಸ್ತಾಗಿದ್ದರು. ಇವತ್ತು ನೀನೇ ದೂರು ಹೇಳು, ನಾನು ಮೇಲಿನ ಮನೆಯವನಾಗ್ತೀನಿ, ಕೇಳಿಸಿಕೊಂಡು ಕಲಿತೀನಿ ಎಂದರು. ಸರಿ ಎಂದೆ. ಇಲ್ಲಿಯ ಭಾಷೆಯಲ್ಲಿ ಶುರು ಮಾಡಿದೆ, ನಿಮ್ಮ ಮನೆಯ ಗದ್ದಲದಿಂದ ಓದಲು ಆಗುತ್ತಿಲ್ಲ... ಮುಂದಿನ ವಾಕ್ಯ ಅದರಷ್ಟಕ್ಕೆ ಅದೇ ಬೇರೆ ಕಡೆ ತಿರುಗಿತು.

ನೀವೂ ಅಮ್ಮನೂ ಕೆಲಸಕ್ಕೆಂದು ಈ ದೇಶಕ್ಕೆ ಹೊರಟಾಗ ನನಗೆ ಎಂಟು ವರ್ಷ. ಹಾಸ್ಟೆಲ್ಲಿಗೆ ಬಿಟ್ಟಿರಿ. ಬರುತ್ತೀಯಾ ಇರುತ್ತೀಯಾ ಎಂದು ಕೇಳಲಿಲ್ಲ. ಒಂಬತ್ತು ವರ್ಷ ಗಂಟೆ ಹೊಡೆದಾಗ ಎದ್ದೆ, ಗಂಟೆ ಹೊಡೆದಾಗ ಮಲಗಿದೆ. ನೀರು ಕುಡಿಯಲೂ ಪರ್ಮಿಷನ್. ಈಗ ನನಗೆ ಯಾರ ಮುಂದೆಯೂ ಬಾಯಿ ಬಿಡಲು ಆಗುವುದಿಲ್ಲ.

ಇಲ್ಲಿಯ ಭಾಷೆಯಲ್ಲಿ ಎಷ್ಟು ಸಲೀಸಾಗಿ ಬಂತು. ಕನ್ನಡದಲ್ಲಿ ಒಂದು ಸಾಲೂ ಬರುತ್ತಿರಲಿಲ್ಲ. ಏನಾಯಿತು ಹೇಳಿದೆ, ಏನು ತೊಂದರೆ ಹೇಳಿದೆ. ಏನು ಬೇಕು ಎನ್ನುವುದಕ್ಕೆ ಮಾತ್ರ ವಾಕ್ಯ ಸಿಗದೆ ನಿಂತುಬಿಟ್ಟೆ.

ಅಪ್ಪ ಕೈಕಟ್ಟಿ ಕೇಳುತ್ತಿದ್ದರು. ಮುಗಿದಾಗ ಎದೆ ಮೇಲೆ ಕೈಯಿಟ್ಟು, ಮೇಡಂ ಕಲಿಸಿದ ಹಾಗೇ, ಒಂದಕ್ಷರ ತಪ್ಪದೆ ಹೇಳಿದರು: ನೀವು ಹೇಳಿದ್ದು ಒಳ್ಳೆಯದಾಯಿತು. ಕ್ಷಮಿಸಿ. ಇನ್ನು ಮುಂದೆ ಹಾಗಾಗದಂತೆ ನೋಡಿಕೊಳ್ಳುತ್ತೇನೆ.

ನನಗೆ ನಗು ಬಂತು. ಅಳುವೂ.

ಆಮೇಲೆ ಅಪ್ಪ ಕನ್ನಡದಲ್ಲಿ, ಮೆಲ್ಲಗೆ: "ಎಂಟು. ಒಂಬತ್ತು. ಹಾಸ್ಟೆಲ್. ಲೆಕ್ಕ ಎಲ್ಲಾ ಗೊತ್ತಾಗತ್ತೆ ನಂಗೆ, ದಿನಾ ಶೀಟು ಎಣಿಸ್ತೀನಲ್ಲ. ಇದು ಮೇಲಿನ ಮನೆಯವರ ವಿಷಯ ಅಲ್ಲ."

ಅಲ್ಲ ಎಂದೆ.

"ನಿನ್ನ ಕಾಗದದಲ್ಲೆಲ್ಲಾ ಕ್ಷೇಮ ಅಂತಲೇ ಇರ್ತಿತ್ತು."

"ವಾರ್ಡನ್ ಓದಿ ಆಮೇಲೆ ಕವರ್ ಅಂಟಿಸ್ತಿದ್ರು ಅಪ್ಪ."

ಲೋಟದ ಅಂಚಿನ ಮೇಲೆ ಬೆರಳಾಡಿಸುತ್ತಾ ಕೂತರು. ಬೈಯುತ್ತಾರೇನೋ, ಎದ್ದು ಹೋಗುತ್ತಾರೇನೋ ಅಂದುಕೊಂಡೆ. ಎರಡೂ ಇಲ್ಲ.

"ಇನ್ನೊಂದ್ಸಲ ಹೇಳು. ನಿಧಾನಕ್ಕೆ. ನಂಗೆ ಅರ್ಥ ಆಗೋ ಹಾಗೆ."

ಹೇಳಿದೆ. ಒಂದೊಂದು ಪದಕ್ಕೂ ತಡೆದು ಅರ್ಥ ಕೇಳಿದರು. ತಮ್ಮ ನೋಟ್‌ಬುಕ್ಕಿನಲ್ಲಿ ಕನ್ನಡ ಅಕ್ಷರದಲ್ಲಿ ಬರೆದುಕೊಂಡರು. ಮುಗಿಯುವ ಹೊತ್ತಿಗೆ ಅರ್ಧ ಗಂಟೆ ಅಲ್ಲ, ಎರಡು ಗಂಟೆ ಆಗಿತ್ತು.

ಅಕ್ಟೋಬರ್ 17, ಗುರುವಾರ. ಪರೀಕ್ಷೆ ಆಫೀಸಿನ ಕಾರಿಡಾರು, 10.25

ಒಳಗೆ ಹೋದರು. ಇಸ್ತ್ರಿ ಅಂಗಿ. ಇಲ್ಲಿ ಈಗ ಕುರ್ಚಿಗಳಿವೆ, ಅಮ್ಮನ ಕೃಪೆ. ಟಾಯ್ಲೆಟ್ಟಿಗೆ ಎರಡು ಸಲ ಹೋಗಿ ಬಂದೆ.

ಅದೇ ದಿನ, 12.15. ಮನೆ

ಹತ್ತು ಐವತ್ತಕ್ಕೆ ಹೊರಗೆ ಬಂದರು. ಬಾಗಿಲು ಪೂರ್ತಿ ಹಾಕಲೂ ಇಲ್ಲ. ಬೆವರಿದ್ದರು. ನನ್ನ ತೋಳು ಹಿಡಿದುಕೊಂಡರು.

"ಕಾರ್ಡಲ್ಲಿ ನಾಯಿ ಬೊಗಳೋದಿತ್ತು. ನಾನು ಬೇರೆ ಏನೋ ಹೇಳ್ಬಿಟ್ಟೆ. ಮಷೀನಿನ ವಿಷಯ. ಎಲ್ಲಾ ಹೇಳ್ಬಿಟ್ಟೆ ಪುಟ್ಟಾ. ಅವರು ಬರ್ಕೊಂಡ್ರು. ಒಳಗೆ ಹೋಗಿ ಹೇಳು, ಅದೆಲ್ಲ ಪರೀಕ್ಷೆಗೋಸ್ಕರ ಸುಮ್ನೆ ಹೇಳಿದ್ದು ಅಂತ."

ಹೋದೆ. ಪರೀಕ್ಷಕಿ ವಯಸ್ಸಾದವರು, ಕನ್ನಡಕ ಹಣೆ ಮೇಲೆ. ನಾನು ಬಾಯಿ ತೆರೆಯುವ ಮೊದಲೇ ಅವರೇ ಕೇಳಿದರು, ನಿಮ್ಮ ತಂದೆ ಹೇಳಿದ್ದು ನಿಜವೋ, ಕಲ್ಪಿಸಿಕೊಂಡದ್ದೋ ಎಂದು. ಕಲ್ಪನೆಯಾದರೆ ಬರೀ ಮಾರ್ಕ್ಸು, ಇಲ್ಲಿಗೇ ಮುಗಿಯಿತು. ನಿಜವಾದರೆ ಕೆಲಸದ ಜಾಗ ತಪಾಸಣೆ ಮಾಡುವ ಇಲಾಖೆಗೆ ತಾವು ಬರೆಯಲೇಬೇಕು, ಅದು ಕಾನೂನು.

ಕಲ್ಪನೆ ಎನ್ನಬೇಕಿತ್ತು. ಹೇಳಿ ಕಳಿಸಿದ್ದೂ ಅದನ್ನೇ. ಪಾಸೂ ಆಗುತ್ತಿತ್ತು, ಪತ್ರವೂ ಸಿಗುತ್ತಿತ್ತು. ಮತ್ತೆ ನಾಳೆಯಿಂದ ಬಿಸಿ ತುದಿ.

ನಿಜ ಎಂದೆ. ರಿಹರ್ಸಲ್ ಇಲ್ಲದೆ ಬಂದ ಮಾತು, ಗಟ್ಟಿಯಾಗಿಯೇ ಬಂತು. ಅವರು ಒಂದು ಹಳದಿ ಕಾಗದ ತೆಗೆದು ಬರೆಯತೊಡಗಿದರು.

ಹೊರಗೆ ಬಂದಾಗ ಅಪ್ಪ ಕೇಳಿದರು, ಹೇಳಿದ್ಯಾ? ಹೇಳಿದೆ ಎಂದೆ. ನನಗೆ ಇಲ್ಲಿಯ ಭಾಷೆಯಲ್ಲಿ ಥ್ಯಾಂಕ್ಸ್ ಹೇಳಿದರು. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ನನಗೇ ಬಿಟ್ಟುಕೊಟ್ಟರು.

ಅವರ ಬದುಕು, ಅವರ ಕೆಲಸ, ತೀರ್ಮಾನ ಮಾಡಿದವಳು ನಾನು. ಅವರನ್ನು ಕೇಳದೆ.

ಅಕ್ಟೋಬರ್ 29

ಅಪ್ಪನ ಫೋನ್ ರಿಂಗಾದರೆ ನನ್ನ ಕೈಯಲ್ಲಿದ್ದದ್ದು ಜಾರುತ್ತದೆ. ಹೇಳಿಬಿಡಬೇಕು. ಇವತ್ತು ಬೇಡ.

ನವೆಂಬರ್ 8, ಶುಕ್ರವಾರ

ಪಾಸು. ನಾಲ್ಕನೇ ಭಾಗ ಇಪ್ಪತ್ತೈದಕ್ಕೆ ಇಪ್ಪತ್ತೊಂದು. ಅಮ್ಮ ಕಾಗದವನ್ನು ಮೂರು ಸಲ ಓದಿಸಿದಳು. ನನಗಿಂತ ನಾಲ್ಕು ಕಮ್ಮಿ ಎಂದು ಛೇಡಿಸಿದಳು. ಸಾರು ಹೇಗಿದೆ ಈಗಲಾದರೂ ಹೇಳಿ ಎಂದಳು. ಸ್ವಲ್ಪ ಹುಳಿ ಜಾಸ್ತಿ ಎಂದರು ಅಪ್ಪ. ಅಮ್ಮನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು.

ಕೆಲಸದ ಪತ್ರ ಇನ್ನೂ ಬಂದಿಲ್ಲ.

ನವೆಂಬರ್ 11, ಸೋಮವಾರ. ಬಸ್ಸಿನಲ್ಲಿ, ಮಧ್ಯಾಹ್ನ 1.25

ಅಪ್ಪ ಪಕ್ಕದಲ್ಲಿ. ಕಾಲೇಜಿನ ನೋಟ್ಸ್ ಬರೆಯುತ್ತಿದ್ದೇನೆ ಅಂದುಕೊಂಡಿದ್ದಾರೆ.

ಗುರುವಾರ ಲಾಂಡ್ರಿಗೆ ತಪಾಸಣೆಯವರು ಬಂದಿದ್ದರಂತೆ. ಇವತ್ತು ಎರಡು ಗಂಟೆಗೆ ಮೀಟಿಂಗ್. ಸೂಪರ್‌ವೈಸರು, ತಪಾಸಣೆಯವರು, ಅಪ್ಪ. ಭಾಷೆಗೆ ಬೇಕಾದರೆ ಮನೆಯವರನ್ನು ಕರೆತರಬಹುದು ಎಂದು ಬೆಳಗ್ಗೆ ಫೋನ್ ಬಂತು. ಅಪ್ಪ ನನ್ನನ್ನು ಕಾಲೇಜಿನಿಂದ ಕರೆಸಿಕೊಂಡರು. ಪರೀಕ್ಷೆಗೆ ಹಾಕಿದ ಅಂಗಿಯನ್ನೇ ಹಾಕಿದ್ದಾರೆ.

ಇನ್ನು ಐದು ಸ್ಟಾಪ್. ಬಸ್ಸಿನಿಂದ ಈಗಲೇ ಇಳಿದು ಓಡಿಹೋದರೆ? ಎಲ್ಲಿಗೆ.

1.40

ಹೇಳಿಬಿಟ್ಟೆ. ಅಪ್ಪ, ಅವತ್ತು ನಾನು ಒಳಗೆ ಹೋದಾಗ... ಅಷ್ಟರಲ್ಲಿ ತಲೆಯಾಡಿಸಿದರು.

"ಗೊತ್ತು. ಬಾಗಿಲು ತೆಗ್ದೇ ಇತ್ತು. ನಿಜ ಅನ್ನೋ ಪದ ನಂಗೂ ಬರತ್ತೆ."

ಇಪ್ಪತ್ತೈದು ದಿನದಿಂದ ಗೊತ್ತಿತ್ತು. ಮತ್ತೆ ಯಾಕೆ ಸುಮ್ಮನಿದ್ದಿರಿ ಎಂದೆ. ನೀನೂ ಸುಮ್ನಿದ್ದೆಯಲ್ಲ ಎಂದರು. ಕೋಪ ಇರಲಿಲ್ಲ. ಭಯ ಇತ್ತು.

"ಅಲ್ಲಿ ಎಲ್ಲರ ಮುಂದೆ ಕೇಳ್ತಾರೆ, ನಿಜವೋ ಸುಳ್ಳೋ ಅಂತ. ಸುಳ್ಳು ಅಂದ್ರೆ ಪತ್ರ ಸಿಗತ್ತೆ. ನಿಜ ಅಂದ್ರೆ... ಸಿಕ್ಕಿದ್ರೆ ಸಿಗ್ತು. ನಿನ್ನ ಕಾಲೇಜೂ ಇದೆ. ಏನು ಹೇಳ್ಲಿ?"

ಉತ್ತರ ನಾಲಿಗೆ ತುದಿಯಲ್ಲೇ ಇತ್ತು. ನುಂಗಿದೆ.

"ನಾನು ಹೇಳಲ್ಲ ಅಪ್ಪ. ಈ ಸಲ ನಾನು ನಿಮ್ಮನ್ನ ಕೇಳ್ತಿದ್ದೀನಿ."

ಕಿಟಕಿ ಕಡೆ ತಿರುಗಿ ಕೂತಿದ್ದಾರೆ. ಎರಡು ಸ್ಟಾಪ್ ದಾಟಿತು. ಲಾಂಡ್ರಿಯ ಚಿಮಣಿಯ ಹಬೆ ಕಾಣುತ್ತಿದೆ. ಗಂಟೆ ಒತ್ತಲು ಅಪ್ಪ ಕೈ ಎತ್ತಿದರು, ಒತ್ತಲಿಲ್ಲ, ನನ್ನ ಕಡೆ ತಿರುಗಿ ಇಲ್ಲಿಯ ಭಾಷೆಯಲ್ಲಿ ಮೆಲ್ಲಗೆ ಒಪ್ಪಿಸತೊಡಗಿದರು: ಏನಾಯಿತು, ನನಗೇನು ತೊಂದರೆ, ನನಗೇನು ಬೇಕು.