ಎಡಗೈ ಎತ್ತಿದವಳಿಗೆ

ಗುರುವಾರ, ಸಂಜೆ

ನನ್ನ ಬಾಯಿಬಡುಕಿ ಮಗಳಿಗೆ,

ಅಮ್ಮನ ಮುದ್ದು. ಫೋನ್ ಮಾಡಿದಾಗಲೆಲ್ಲ ನಿನ್ನ ಸಹಾಯಕ ಎತ್ತಿ, ಮೇಡಂ ಮೀಟಿಂಗಿನಲ್ಲಿದ್ದಾರೆ ಅನ್ನುತ್ತಾನೆ. ಅದಕ್ಕೇ ಈ ಕಾಗದ. ಇದನ್ನಾದರೂ ನೀನೇ ಒಡೆದು ಓದು.

ನಿನ್ನೆ ನಮ್ಮ ಹೊಲಿಗೆ ಕಾರ್ಖಾನೆಯ ಊಟದ ಕೋಣೆಯಲ್ಲಿ ಎಲ್ಲರೂ ಟಿವಿಯಲ್ಲಿ ನಿಮ್ಮ ಸಂಸತ್ತು ನೋಡುತ್ತ ಕೂತಿದ್ದೆವು. ನಮ್ಮದರಂಥ ಸರ್ಕಾರಿ ಕಾರ್ಖಾನೆಗಳನ್ನು ಮಾರುವ ಮಸೂದೆ ಬಿದ್ದೇಹೋಗುತ್ತದೆ ಎಂದು ಎಲ್ಲರಿಗೂ ಧೈರ್ಯ. ಸರ್ಕಾರ ನಿಂತಿರುವುದೇ ನಿಮ್ಮ ಪಕ್ಷದ ಬೆಂಬಲದ ಮೇಲಲ್ಲವೇ? ಬಡವರ ಪಕ್ಷ ಕೈಬಿಟ್ಟರೆ ಯಾವ ಪ್ರಧಾನಿಯೂ ಕುರ್ಚಿಯಲ್ಲಿ ಕೂರಲಾರ ಎಂದು ಇದೇ ಕೋಣೆಯಲ್ಲಿ ಮೇಜು ಹತ್ತಿ ಭಾಷಣ ಬಿಗಿದವಳು ನೀನು. ಆಗ ನೀನೂ ನಮ್ಮಂತೆ ಬಟ್ಟೆ ಕತ್ತರಿಸುತ್ತಿದ್ದೆ. ಪಾಳಿ ಮುಗಿದ ಮೇಲೆ ಪಕ್ಷದ ಹಳದಿ ಕೋಟುಗಳನ್ನು ನಾವು ಪುಕ್ಕಟೆ ಹೊಲಿದುಕೊಟ್ಟೆವು.

ಟಿವಿಯಲ್ಲಿ ಆ ಕೋಟುಗಳೇ ಕಂಡವು. ಹಿಂದಿನಿಂದ ತೋರಿಸಿದ್ದರಿಂದ ಯಾರ ಮುಖವೂ ಕಾಣಲಿಲ್ಲ. ನಿಮ್ಮ ನಾಯಕರು ತಲೆಯಾಡಿಸಿದರು, ಸಾಲಿಗೆ ಸಾಲೇ ಮಸೂದೆಯ ಪರ ಕೈ ಎತ್ತಿತು. ಎಲ್ಲವೂ ಬಲಗೈ, ಒಂದು ಮಾತ್ರ ಎಡಗೈ. ಎಷ್ಟು ಬೈದರೂ ಪೆನ್ನಿಗಾಗಲಿ ಕತ್ತರಿಗಾಗಲಿ ಬಲಗೈ ಮುಂದೆ ಮಾಡಿದವಳಲ್ಲ ನೀನು. ನೋಡಿದ ಕೂಡಲೇ ಗುರುತು ಹಿಡಿದೆ. ಉಳಿದವರಿಗೂ ಕಂಡಿತೋ ಏನೋ, ನನಗೆ ಗೊತ್ತಿಲ್ಲ.

ಮೊದಲು ನಿನ್ನ ಮೇಲೆ ಕೆಟ್ಟ ಸಿಟ್ಟು ಬಂತು. ಆಮೇಲೆ, ಏನೇನು ಹೇಳಿ ಹೆದರಿಸಿದರೋ ಎಂದು ಕರುಳು ಚುರ್ರೆಂದಿತು.

ನನ್ನನ್ನು ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಗುಂಡಿ ಹಚ್ಚುವ ಅಕ್ಕ ಮಾತ್ರ ಮೆಲ್ಲಗೆ ಕೇಳಿದಳು, "ನಮ್ಮ ಹುಡುಗಿ ಅಲ್ಲಿದ್ಲಾ?"

"ಇಲ್ಲಕ್ಕ, ಅವಳಿಗೆ ವಿಪರೀತ ಜ್ವರ. ಮೇಲೇಳೋಕೂ ಆಗ್ತಿಲ್ಲ" ಅಂದುಬಿಟ್ಟೆ.

"ಅದೇ ಅಂದ್ಕೊಂಡೆ. ಅವಳಿದ್ದಿದ್ರೆ ಬಿಡ್ತಿದ್ಲಾ?" ಎಂದು ಅಕ್ಕ ಕಣ್ಣೊರೆಸಿಕೊಂಡಳು. ಉಳಿದವರೂ ಹೌದು ಹೌದು ಅಂದರು. ಕಾರ್ಖಾನೆಗೆ ಇನ್ನೇನು ಬೀಗ ಬೀಳುತ್ತದೆ, ಇವರು ನಿನ್ನ ಜ್ವರಕ್ಕೆ ಮದ್ದು ಹೇಳುತ್ತಿದ್ದಾರೆ.

ನಾನೇನು ಮಾಡಲಿ ಹೇಳು. ನಿಜ ಹೇಳಿದರೆ ನಿನ್ನನ್ನು ಬಿಟ್ಟುಕೊಟ್ಟಂತೆ. ಹೇಳದೆ ಅವರ ಪಕ್ಕದಲ್ಲಿ ಕೂತರೆ ಹೊಲಿಗೆಯೆಲ್ಲ ಸೊಟ್ಟಗಾಗುತ್ತಿದೆ.

ಹೊತ್ತಿಗೆ ಸರಿಯಾಗಿ ಊಟ ಮಾಡು.

ಏನೂ ತೋಚದ,
ನಿನ್ನಮ್ಮ

ತಾ.ಕ.: ಮುಂದಿನ ಭಾನುವಾರ ಅವರೆಲ್ಲ ರೈಲು ಹತ್ತಿ ನಿನ್ನನ್ನು ನೋಡಿಕೊಂಡು ಹೋಗಲು ಬರುತ್ತಿದ್ದಾರೆ. ಬೇಡವೆಂದರೂ ಕೇಳಲಿಲ್ಲ. ಹೊದ್ದು ಮಲಗಿರುತ್ತೀಯೋ, ಎದ್ದು ನಿಜ ಹೇಳುತ್ತೀಯೋ, ನಿನಗೆ ಬಿಟ್ಟದ್ದು. ನಾನು ಮಾತ್ರ ಬರುತ್ತಿಲ್ಲ.